ಅಗ್ಗದ ಕಚೇರಿ ಗಣಕಗಳಲ್ಲಿ ಲ್ಯಾನ್ ಗುಣಮಟ್ಟ: ಹಳೆಯ ಬೆಂಗಳೂರಿನ ಬಡಾವಣೆಗಳ ಹಿನ್ನೆಲೆಯಲ್ಲಿ ಒಂದು ವಿಶ್ಲೇಷಣೆ

ಚಾಮರಾಜಪೇಟೆಯ ಮುದ್ರಣಾಲಯವಿರಲಿ, ಬಸವನಗುಡಿಯ ಲೆಕ್ಕಪರಿಶೋಧಕರ ಕಚೇರಿಯಿರಲಿ, ಮಲ್ಲೇಶ್ವರದ ಪತ್ತಿನ ಸಹಕಾರ ಸಂಘವಿರಲಿ, ಗಣಕ ಕೊಳ್ಳುವಾಗ ಚೌಕಾಸಿ ನಡೆಯುವುದು ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿಗಳ ಮೇಲೆ. ನೆಟ್‌ವರ್ಕಿನ ಬಗ್ಗೆ ಕೊಟೇಷನ್ನಿನಲ್ಲಿ ಸಿಗುವುದು ‘10/100/1000 ಲ್ಯಾನ್’ ಎಂಬ ಒಂದೇ ಸಾಲು. ಮುಂದೆ ಸಂಪರ್ಕ ಕಡಿದಾಗ ‘ಅಗ್ಗದ ಚಿಪ್ಪು ಹಾಕಿದ್ದಾರೆ’ ಎಂಬ ದೂರು ಸಾಮಾನ್ಯ. ಆ ದೂರಿನಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಈಥರ್ನೆಟ್ ಮಾನದಂಡಗಳು ಮತ್ತು ಚಿಪ್ಪುಗಳ ರಚನೆಯ ಆಧಾರದಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಒಂದು ಕಾಲಕ್ಕೆ ಸರಿಯಾಗಿಯೇ ಇದ್ದ ಈ ದೂರು ಇಂದು ಬಹುಮಟ್ಟಿಗೆ ಗುರಿ ತಪ್ಪಿದೆ ಎಂಬುದು ಇಲ್ಲಿನ ವಾದ.

1. ದೂರಿನ ಮೂಲ

1990ರ ದಶಕದ ಕೊನೆಯಲ್ಲಿ ಅಗ್ಗದ ನೆಟ್‌ವರ್ಕ್ ಕಾರ್ಡು ಎಂದರೆ ಬಹುಪಾಲು ರಿಯಲ್‌ಟೆಕ್ ಆರ್‌ಟಿಎಲ್8139 ಚಿಪ್ಪಿನದು. 1995ರ ಫಾಸ್ಟ್ ಈಥರ್ನೆಟ್ ಮಾನದಂಡದ 100 ಮೆಗಾಬಿಟ್ ವೇಗವನ್ನು ಸಣ್ಣ ಕಚೇರಿಗಳ ಕೈಗೆಟುಕುವಂತೆ ಮಾಡಿದ್ದರಲ್ಲಿ ಇದರ ಪಾಲು ದೊಡ್ಡದು. ಉಳಿತಾಯವಾದದ್ದು ಮಾತ್ರ ವಿನ್ಯಾಸದಲ್ಲಿ. ದತ್ತಾಂಶ ಕಳಿಸಲು ಅದರಲ್ಲಿ ಇದ್ದದ್ದು ನಾಲ್ಕೇ ಡಿಸ್ಕ್ರಿಪ್ಟರ್ (ಕಳಿಸಬೇಕಾದ ಪ್ಯಾಕೆಟ್ಟಿನ ವಿವರ ಇಡುವ ಜಾಗ). ಬಂದ ಪ್ಯಾಕೆಟ್ಟುಗಳೆಲ್ಲ ಒಂದೇ ವರ್ತುಲ ಬಫರಿಗೆ ಬೀಳುತ್ತಿದ್ದವು, ಡ್ರೈವರ್ ಅವನ್ನು ಅಲ್ಲಿಂದ ನಕಲು ಮಾಡಿ ಎತ್ತಿಕೊಳ್ಳಬೇಕಿತ್ತು. ಚಿಪ್ಪಿನ ಕೆಲಸ ಪ್ರೊಸೆಸರಿನ ಹೆಗಲಿಗೆ ಬಿತ್ತು. ಅಂದಿನ ಪ್ರೊಸೆಸರುಗಳಿಗೆ ಅದು ಹೊರೆಯೇ ಆಗಿತ್ತು. ‘ರಿಯಲ್‌ಟೆಕ್ ಎಂದರೆ ಕಳಪೆ’ ಎಂಬ ಮಾತು ಬೇರುಬಿಟ್ಟದ್ದು ಆಗ.

2. ಒಂದೇ ಹೆಸರು, ಎರಡು ದರ್ಜೆ

ಆ ಮಾತು ಈಗಲೂ ನಿಲ್ಲುತ್ತದೆಯೇ ಎಂದು ನೋಡಲು 2017ರಲ್ಲಿ ಬಂದ ಡೆಲ್ ಆಪ್ಟಿಪ್ಲೆಕ್ಸ್ ಸಾಲು ಒಳ್ಳೆಯ ಉದಾಹರಣೆ. ಇಂಥ ಗಣಕಗಳು ದೊಡ್ಡ ಕಂಪನಿಗಳಿಂದ ಹೊರಬಿದ್ದು ಎಸ್.ಪಿ. ರೋಡಿನ ಸೆಕೆಂಡ್‌ಹ್ಯಾಂಡ್ ಅಂಗಡಿಗಳಿಗೂ ಬರುತ್ತವೆ. ಕೆಳದರ್ಜೆಯ 3050ರಲ್ಲಿ ಇರುವುದು ರಿಯಲ್‌ಟೆಕ್ ಆರ್‌ಟಿಎಲ್8111, ಮೇಲ್ದರ್ಜೆಯ 7050ರಲ್ಲಿ ಇಂಟೆಲ್ ಐ219-ಎಲ್‌ಎಂ. ಎರಡೂ ಗಿಗಾಬಿಟ್ ವೇಗದವು. ರಿಯಲ್‌ಟೆಕ್ ಪಿಸಿಐ ಎಕ್ಸ್‌ಪ್ರೆಸ್‌ಗೆ ಜೋಡಿಸಿದ ಸ್ವತಂತ್ರ ನಿಯಂತ್ರಕ. ಇಂಟೆಲಿನದು ತಂತಿಯ ಸಂಕೇತವನ್ನಷ್ಟೇ ನಿಭಾಯಿಸುವ ಭಾಗ, ನಿಯಂತ್ರಕ ಮದರ್‌ಬೋರ್ಡಿನ ಚಿಪ್‌ಸೆಟ್ಟಿನೊಳಗೇ ಇದೆ. ಇಂಟೆಲ್ ಜೋಡಿಗೆ ಕೊಟ್ಟ ಹೆಚ್ಚಿನ ಹಣಕ್ಕೆ ದೊರೆಯುವ ಮುಖ್ಯ ಲಾಭ ದೂರನಿರ್ವಹಣೆ: ವಿಂಡೋಸ್ ಏಳದ ಗಣಕವನ್ನೂ ಇನ್ನೊಂದೆಡೆಯಿಂದ ಸರಿಪಡಿಸಬಹುದು. ನೂರಾರು ಗಣಕಗಳಿರುವ ಸಂಸ್ಥೆಗೆ ಅದು ಬೇಕು. ಐದಾರು ಗಣಕಗಳ ಕಚೇರಿ ಅದನ್ನು ಬಳಸುವುದೇ ಅಪರೂಪ.

ದುಬಾರಿ ಹೆಸರು ದೋಷರಹಿತ ಎಂದೂ ಅಲ್ಲ. ಇಂಟೆಲಿನ 2.5 ಗಿಗಾಬಿಟ್ ಐ225-ವಿ ಚಿಪ್ಪಿನ ಮೊದಲ ಆವೃತ್ತಿಯಲ್ಲಿ ಪ್ಯಾಕೆಟ್ಟುಗಳ ನಡುವಿನ ಅಂತರ ಮಾನದಂಡಕ್ಕೆ ಹೊಂದದೆ, ಕೆಲವು ಸ್ವಿಚ್ಚುಗಳೊಡನೆ ದತ್ತಾಂಶ ಕಳೆದುಹೋಗುತ್ತಿತ್ತು. ಅದನ್ನು ಚಿಪ್ಪಿನ ಮಟ್ಟದಲ್ಲೇ ತಿದ್ದಬೇಕಾಯಿತು.

3. ದೋಷ ಇರುವ ಜಾಗ

ಹಾಗಾದರೆ ಸಂಪರ್ಕ ಕಡಿಯುವುದೇಕೆ? 100 ಮೆಗಾಬಿಟ್‌ಗೆ ಕೇಬಲಿನ ಎಂಟು ತಂತಿಗಳಲ್ಲಿ ನಾಲ್ಕು ಸಾಕು: 1, 2, 3 ಮತ್ತು 6ನೆಯ ಪಿನ್. 1999ರ ಗಿಗಾಬಿಟ್ ಮಾನದಂಡಕ್ಕೆ ಎಂಟೂ ಬೇಕು. ಹಳೆಯ ಕಾಲದಲ್ಲಿ ಮಿಕ್ಕ ನಾಲ್ಕು ತಂತಿಗಳಲ್ಲಿ ಇನ್ನೊಂದು ಗಣಕವನ್ನೋ ದೂರವಾಣಿಯನ್ನೋ ಓಡಿಸುವ ರೂಢಿಯಿತ್ತು. ಅಂಥ ವೈರಿಂಗಿಗೆ ಹೊಸ ಗಣಕ ಸಿಕ್ಕಿಸಿದಾಗ ತೊಡಕು ಹುಟ್ಟುತ್ತದೆ. ಎರಡು ತುದಿಗಳ ಸಾಧನಗಳು ವೇಗ ಒಪ್ಪಿಕೊಳ್ಳುವ ಮಾತುಕತೆ 1, 2, 3, 6ರ ಮೇಲೆಯೇ ನಡೆಯುವುದರಿಂದ ಗಿಗಾಬಿಟ್ ಎಂದು ಒಪ್ಪಂದವಾಗುತ್ತದೆ. ಆಮೇಲೆ ಉಳಿದ ಜೋಡಿಗಳಲ್ಲಿ ಸಂಕೇತ ಸಿಗುವುದಿಲ್ಲ. ಕೆಲವು ಚಿಪ್ಪುಗಳು ತಾವಾಗಿ 100ಕ್ಕೆ ಇಳಿಯುತ್ತವೆ, ಇಳಿಯದವುಗಳಲ್ಲಿ ಸಂಪರ್ಕ ಬಂದು ಹೋಗಿ ಆಟವಾಡಿಸುತ್ತದೆ. ಬೈಗುಳ ಗಣಕಕ್ಕೆ, ತಪ್ಪು ಕೇಬಲಿನದು.

ಇಲ್ಲಿನ ಕಟ್ಟಡಗಳೂ ಇದಕ್ಕೆ ಕಾರಣ. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆ, 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ ಮತ್ತು ಮಲ್ಲೇಶ್ವರಗಳಲ್ಲಿ ಅನೇಕ ಕಚೇರಿಗಳಿರುವುದು ಹಳೆಯ ವಾಸದ ಮನೆಗಳಲ್ಲಿ. ದಪ್ಪ ಗೋಡೆಗಳನ್ನು ದಾಟಿ ಬರುವ ಹೊತ್ತಿಗೆ ವೈಫೈ ಸೊರಗುತ್ತದೆ. ಕೇಬಲು ಗೋಡೆಯ ಮೇಲೆಯೇ ಮೂಲೆ ಮೂಲೆಗೆ ಮಡಚಿಕೊಂಡು, ಕರೆಂಟಿನ ವೈರಿನ ಪಕ್ಕದಲ್ಲೇ ಸಾಗುತ್ತದೆ. ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲು ಮಾನದಂಡಕ್ಕೆ ಸಲ್ಲದು, ಮಡಚಿದಲ್ಲಿ ಬೇಗ ಮುರಿಯುತ್ತದೆ. ಎರಡು ಕಟ್ಟಡಗಳ ನಡುವೆ ತಾರಸಿಯ ಮೇಲೆ ಎಳೆದ ಕೇಬಲಿಗೆ ಏಪ್ರಿಲ್–ಮೇ ತಿಂಗಳ ಸಿಡಿಲಿನ ಭಯ ಬೇರೆ. ಲ್ಯಾನ್ ಪೋರ್ಟಿನ ಪುಟ್ಟ ಟ್ರಾನ್ಸ್‌ಫಾರ್ಮರು 1500 ವೋಲ್ಟನ್ನು ಒಂದು ನಿಮಿಷ ತಡೆಯಬೇಕೆಂಬ ನಿಯಮ ಈಥರ್ನೆಟ್ ಮಾನದಂಡದಲ್ಲಿದೆ. ಹತ್ತಿರದಲ್ಲಿ ಸಿಡಿಲೆರಗಿದಾಗ ಕೇಬಲಿನಲ್ಲಿ ಹುಟ್ಟುವ ವೋಲ್ಟೇಜು ಇದನ್ನು ಸುಲಭವಾಗಿ ಮೀರುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಆಪ್ಟಿಕಲ್ ಫೈಬರ್ ಎಳೆಸುವುದೇ ಇದಕ್ಕೆ ತಕ್ಕ ಉತ್ತರ.

4. ಬೆಲೆ ತೆರುವವರು

ಮುದ್ರಣಾಲಯದ 1 ಗಿಗಾಬೈಟ್ ಫೈಲು ಗಿಗಾಬಿಟ್ ಸಂಪರ್ಕದಲ್ಲಿ ಸುಮಾರು 8.5 ಸೆಕೆಂಡಿನಲ್ಲಿ ದಾಟುತ್ತದೆ. ಸಂಪರ್ಕ 100ಕ್ಕೆ ಇಳಿದಿದ್ದರೆ 85 ಸೆಕೆಂಡು ಬೇಕು. ಅಲ್ಲಿ ಕಾಯುವುದಷ್ಟೇ ನಷ್ಟ. ಲೆಕ್ಕಪತ್ರದ ಕಚೇರಿಯ ಪಾಡು ಬೇರೆ. ಒಂದು ಗಣಕದಲ್ಲಿ ಟ್ಯಾಲಿ ದತ್ತಾಂಶದ ಫೋಲ್ಡರ್ ಇಟ್ಟು ಉಳಿದವರು ಅದರಲ್ಲೇ ನಮೂದು ಮಾಡುವ ಪದ್ಧತಿಯಲ್ಲಿ ವೇಗದ ಅಗತ್ಯ ಕಡಿಮೆ, ನಮೂದಿನ ನಡುವೆ ಕ್ಷಣಮಾತ್ರ ಸಂಪರ್ಕ ತಪ್ಪಿದರೂ ದತ್ತಾಂಶ ಕೆಡುವ ಅಪಾಯವುಂಟು. ಆದ್ದರಿಂದ ಸಣ್ಣ ಕಚೇರಿಯ ಮಟ್ಟಿಗೆ ಲ್ಯಾನ್ ಗುಣಮಟ್ಟದ ಮೊದಲ ಅಳತೆ ಅಡೆತಡೆಯಿಲ್ಲದ ಸಂಪರ್ಕ, ವೇಗ ಎರಡನೆಯದು.

ಈ ಅಳತೆಯನ್ನು ಕೊಳ್ಳುವವರ ಪರವಾಗಿ ಯಾರೂ ತೆಗೆಯುವುದಿಲ್ಲ. 2012ರ ಕಡ್ಡಾಯ ನೋಂದಣಿ ಆದೇಶದಿಂದ ಗಣಕಗಳಿಗೆ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ನೋಂದಣಿ, ಮೊದಲಿಗೆ ಐಎಸ್ 13252 ಮಾನದಂಡದಂತೆ, ಕಡ್ಡಾಯವಾಯಿತು. ಅದು ಬಳಸುವವರ ಸುರಕ್ಷತೆಗೆ ಸಂಬಂಧಿಸಿದ್ದು, ಲ್ಯಾನ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ.

5. ನಿರ್ಣಯ

ಅಗ್ಗದ ಕಚೇರಿ ಗಣಕದ ಗಿಗಾಬಿಟ್ ಚಿಪ್ಪು ಇಂದು ಸಣ್ಣ ಕಚೇರಿಯ ಕೆಲಸಕ್ಕೆ ಸಾಲುತ್ತದೆ. ಅದನ್ನು ಬದಲಿಸಲು ಹಾಕುವ ಹಣವನ್ನು ಅಪ್ಪಟ ತಾಮ್ರದ ಕೇಬಲಿಗೆ, ಒಳ್ಳೆಯ ಸ್ವಿಚ್ಚಿಗೆ, ಸರಿಯಾದ ಅರ್ಥಿಂಗಿಗೆ ಹಾಕುವುದು ಲಾಭಕರ. ಸಹಕಾರ ಸಂಘಗಳೂ ಸಣ್ಣ ಕಚೇರಿಗಳೂ ಖರೀದಿ ಆದೇಶದಲ್ಲಿ ಎರಡು ಷರತ್ತು ಸೇರಿಸಬೇಕು. ಲ್ಯಾನ್ ಚಿಪ್ಪಿನ ಹೆಸರನ್ನು ಕೊಟೇಷನ್ನಿನಲ್ಲಿ ನಮೂದಿಸಬೇಕು. ಗಣಕವನ್ನು ಅದು ಕೂರುವ ಜಾಗದಲ್ಲೇ, ಅಲ್ಲಿನ ಕೇಬಲಿಗೇ ಸಿಕ್ಕಿಸಿ ದೊಡ್ಡ ಫೈಲೊಂದನ್ನು ಆಚೀಚೆ ಕಳಿಸಿ ತೋರಿಸಬೇಕು. ಆಗ ವಿಂಡೋಸ್ ತೋರಿಸುವ ವೇಗ 1 ಗಿಗಾಬಿಟ್ ಇಲ್ಲದಿದ್ದರೆ ಕಾರಣ ಪತ್ತೆಯಾಗುವವರೆಗೆ ಬಿಲ್ಲು ಪಾಸು ಮಾಡಬಾರದು.