ತಿಪ್ಪಮ್ಮ
ತಿಪ್ಪೆ ಎಂದರೆ ಮನೆಯ ಸಗಣಿ, ಕಸ, ಬೂದಿ ಸೇರಿ ಗೊಬ್ಬರವಾಗುವ ಜಾಗ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಮುಂದಿನ ಕೂಸನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ, ಬೇರೆಯವರ ಕೈಯಿಂದ ಎತ್ತಿಸಿಕೊಂಡು, ಗಂಡಾದರೆ ತಿಪ್ಪಯ್ಯ, ಹೆಣ್ಣಾದರೆ ತಿಪ್ಪಮ್ಮ ಎಂದು ಕರೆಯುವ ರೂಢಿಯಿತ್ತು. ಯಾರಿಗೂ ಬೇಡದ ಮಗುವೆಂದು ಬಗೆದು ಸಾವು ಅತ್ತ ಹೋಗಲಿ ಎಂಬ ಆಸೆ. ಜೀವ ಉಳಿಸಲು ಇಟ್ಟ ಇಂಥ ಹೆಸರನ್ನು ಆಡಿಕೊಂಡು ನಗುವುದು ಕಂಡರೆ ನೋವಾಗುತ್ತದೆ. ಚಿತ್ರದುರ್ಗದ ಸೀಮೆಯಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ಹರಕೆ ಹೊತ್ತು ಈ ಹೆಸರು ಇಡುವುದೂ ಉಂಟು.

ಸಾಕಮ್ಮ ಎಂಬ ಹೆಸರಿನ ಕತೆ ಬೇರೆ. ಸಾಲಾಗಿ ಹೆಣ್ಣು ಹುಟ್ಟಿದಾಗ ‘ಇನ್ನು ಸಾಕು’ ಎಂದು ಇಡುತ್ತಿದ್ದ ಹೆಸರದು. ಅದೇ ಹೆಸರಿನ ಒಬ್ಬ ಹೆಣ್ಣುಮಗಳು ಬೆಂಗಳೂರಿನಲ್ಲಿ ಉದ್ಯಮ ಕಟ್ಟಿ ‘ಕಾಫಿಪುಡಿ ಸಾಕಮ್ಮ’ ಎಂದೇ ಮನೆಮಾತಾದರು.