ವೈಯಕ್ತಿಕ ಹಣಕಾಸು ಮತ್ತು ನೆಮ್ಮದಿ

ಆದಾಯ, ಉಳಿತಾಯ, ಸಾಲಗಳಿಗೂ ಬದುಕಿನ ತೃಪ್ತಿಗೂ ಇರುವ ನಂಟು ಅರ್ಥಶಾಸ್ತ್ರ, ಮನಶ್ಶಾಸ್ತ್ರಗಳೆರಡರ ವಸ್ತು. ಒಂದು ದೇಶದೊಳಗೆ ಉಳ್ಳವರು ಇಲ್ಲದವರಿಗಿಂತ ಸಂತೃಪ್ತರಾದರೂ, ದೇಶದ ಆದಾಯ ಏರಿದಂತೆ ಜನರ ಸಂತೃಪ್ತಿ ಏರುವುದಿಲ್ಲ ಎಂದು ರಿಚರ್ಡ್ ಈಸ್ಟರ್‌ಲಿನ್ 1974ರಲ್ಲಿ ವಾದಿಸಿದರು. ವರ್ಷಕ್ಕೆ ಸುಮಾರು 75,000 ಡಾಲರ್ ದಾಟಿದ ಮೇಲೆ ಅಮೆರಿಕನ್ನರ ದಿನನಿತ್ಯದ ಉಲ್ಲಾಸ ಹೆಚ್ಚದೆಂದು 2010ರಲ್ಲಿ ಡೇನಿಯಲ್ ಕಾನೆಮನ್, ಆಂಗಸ್ ಡೀಟನ್ ಹೇಳಿದರು; ಅಂಥ ಮಿತಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಅವರಿಗೆ 2021ರಲ್ಲಿ ಕಾಣಲಿಲ್ಲ. ಈ ಚರ್ಚೆಯೆಲ್ಲ ಹಣ ಎಷ್ಟಿರಬೇಕು ಎಂಬುದರ ಸುತ್ತಲೇ ನಡೆಯಿತು. ಆದರೆ ನೆಮ್ಮದಿಗೆ ಹಣದ ಮೊತ್ತದಷ್ಟೇ ಅದು ಕೈಸೇರುವ ಹೊತ್ತೂ ಮುಖ್ಯ.

ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಒಳ್ಳೆಯ ಸಾಕ್ಷಿ. ಸೆಂಧಿಲ್ ಮುಲೈನಾಥನ್, ಎಲ್ಡರ್ ಶಫೀರ್ ಮತ್ತು ಸಂಗಡಿಗರು 464 ರೈತರನ್ನು ಕಟಾವಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಪರೀಕ್ಷಿಸಿದರು. ಮೊದಲು ನೂರಕ್ಕೆ 78 ಮಂದಿ ಏನಾದರೊಂದನ್ನು ಗಿರವಿ ಇಟ್ಟಿದ್ದರು. ಕಟಾವಿನ ನಂತರ ಹಾಗಿದ್ದವರು ನೂರಕ್ಕೆ 4 ಮಂದಿ. ಒಂದು ಪರೀಕ್ಷೆಯಲ್ಲಿ ‘5 5 5’ ಎಂದು ತೋರಿಸಿದರೆ ಕಣ್ಣಿಗೆ ಬಿದ್ದ ಐದನ್ನು ನುಂಗಿಕೊಂಡು, ಎಷ್ಟು ಅಂಕಿಗಳಿವೆಯೋ ಅದನ್ನು, ಅಂದರೆ ‘ಮೂರು’ ಎಂದು, ಥಟ್ಟನೆ ಹೇಳಬೇಕಿತ್ತು. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಅದೇ ರೈತರು ಹೆಚ್ಚು ತಡವರಿಸಿದರು, ಹೆಚ್ಚು ತಪ್ಪಿದರು. ಎರಡನೆಯ ಸಲ ಅಭ್ಯಾಸಬಲ ಕೆಲಸ ಮಾಡಿರಬಹುದಲ್ಲ ಎನ್ನಬಹುದು. ಆದರೆ ಕಟಾವಿನ ನಂತರವೇ ಮೊದಲ ಸಲ ಪರೀಕ್ಷೆಗೆ ಕೂತವರೂ ಚುರುಕಾಗಿಯೇ ಇದ್ದರು. ಋತುವಿನ ಪ್ರಭಾವ ಎನ್ನಲೂ ಆಗದು. ಕಾರ್ಖಾನೆಗಳ ಅರೆಯುವ ಸಾಮರ್ಥ್ಯಕ್ಕೆ ತಕ್ಕಂತೆ ಕಟಾವು ಒಬ್ಬೊಬ್ಬರಿಗೆ ಒಂದೊಂದು ತಿಂಗಳು ಬರುತ್ತದೆ.

ಅಳೆದದ್ದು ಮನಸ್ಸಿನ ಚುರುಕನ್ನು, ಸಂತೋಷವನ್ನಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಕಟಾವಿಗೆ ಮುಂಚೆ ಅವರ ರಕ್ತದೊತ್ತಡ, ನಾಡಿಬಡಿತಗಳೂ ಹೆಚ್ಚಿದ್ದವು. ಸಾಲದ ಲೆಕ್ಕ ತಲೆಯಲ್ಲಿ ಗುಂಯ್‌ಗುಡುತ್ತಿದ್ದರೆ ಮನೆಮಂದಿಯ ಮಾತಿಗೂ ಗಮನ ಉಳಿಯದು. ಹಾಸಿಗೆ ಇದ್ದಷ್ಟು ಕಾಲು ಚಾಚಿದರೆ ಸಾಕು ಎಂಬುದು ಇನ್ನೊಂದು ಆಕ್ಷೇಪ. ಆ ಗಾದೆ ಹಾಸಿಗೆಯ ಉದ್ದ ಬದಲಾಗದವರಿಗೆ, ತಿಂಗಳ ಸಂಬಳದವರಿಗೆ, ಹೊಂದುತ್ತದೆ. ಬೆಳೆಗಾರನ ಹಾಸಿಗೆ ಒಂದೇ ವರ್ಷದಲ್ಲಿ ಹಿಗ್ಗಿ ಕುಗ್ಗುತ್ತದೆ. ಕಬ್ಬು ಪೂರೈಸಿದ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಮಂಡ್ಯ, ಬೆಳಗಾವಿಗಳ ಬೆಳೆಗಾರರಿಗೂ ಅನ್ವಯಿಸುವ ಈ ನಿಯಮ ಬಾಕಿಗೆ ಬಡ್ಡಿ ಕಟ್ಟಬಲ್ಲದು. ಕಾದ ದಿನಗಳಲ್ಲಿ ಕಳೆದುಹೋದ ನೆಮ್ಮದಿಗೆ ಕಟ್ಟಲಾರದು.