ರಾಸ್ಪ್‌ಬೆರಿ ಪೈಗೆ ನೆಟ್‌ವರ್ಕ್ ಸಿಗದಿದ್ದಾಗ: ಮನೆಯಲ್ಲೇ ಮಾಡಬಹುದಾದ ತಪಾಸಣೆ



ಬ್ರಿಟನ್ನಿನ ಕೇಂಬ್ರಿಡ್ಜ್‌ನಲ್ಲಿ ರೂಪುಗೊಂಡು 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಗಣಕಯಂತ್ರ ಈಗ ಇಲ್ಲಿ ಅಮೆರಿಕದಲ್ಲಿರುವ ನಮ್ಮ ಸದಸ್ಯರ ಹಲವು ಮನೆಗಳಲ್ಲಿದೆ. ಮಕ್ಕಳು ಅದರಲ್ಲಿ ಪ್ರೋಗ್ರಾಂ ಬರೆಯಲು ಕಲಿಯುತ್ತಾರೆ. ಕೆಲವರು ಊರಿಗೆ ಹೋದಾಗ ಅದನ್ನು ಅಪ್ಪ ಅಮ್ಮನ ಟಿವಿಗೆ ಜೋಡಿಸಿ, ಮೊಮ್ಮಕ್ಕಳ ಫೋಟೋ ಬರುವಂತೆ ಮಾಡಿ ಬರುತ್ತಾರೆ.

ನಮ್ಮಲ್ಲಿಗೆ ಬರುವ ದೂರು ಹೆಚ್ಚಾಗಿ ಒಂದೇ: "ನೆಟ್ ಬರ್ತಾ ಇಲ್ಲ." ಗಾಬರಿಯಲ್ಲಿ ಹಲವರು ಮೆಮೊರಿ ಕಾರ್ಡ್ ಅಳಿಸಿ ಎಲ್ಲವನ್ನೂ ಹೊಸದಾಗಿ ಹಾಕುತ್ತಾರೆ. ಮಗು ತಿಂಗಳುಗಟ್ಟಲೆ ಬರೆದದ್ದು ಅದರೊಂದಿಗೇ ಹೋಗುತ್ತದೆ. ತೊಂದರೆ ಚಾರ್ಜರಿನಲ್ಲೋ ರೌಟರಿನಲ್ಲೋ ಇದ್ದರೆ ಅದು ಮಾತ್ರ ಅಲ್ಲೇ ಉಳಿಯುತ್ತದೆ! ಆದ್ದರಿಂದ ಕಾರ್ಡಿಗೆ ಕೈ ಹಾಕುವ ಮುನ್ನ ಕೆಳಗಿನ ಕ್ರಮದಲ್ಲಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಇಲ್ಲಿ ಹೇಳಿರುವ ಆಜ್ಞೆಗಳನ್ನು ಟರ್ಮಿನಲ್ಲಿನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

1. ಮೊದಲು ವಿದ್ಯುತ್
ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಬಂದರೆ ಪೈಗೆ ವಿದ್ಯುತ್ ಸಾಲುತ್ತಿಲ್ಲ ಎಂದರ್ಥ. ಆಗ ವೈ-ಫೈ ಬಂದು ಬಂದು ಹೋಗಬಹುದು. ಹಳೆಯ ಫೋನ್ ಚಾರ್ಜರ್ ಸಾಕಾಗುವುದಿಲ್ಲ. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಬೇಕು. ಪೈ 5ಕ್ಕೆ 5 ಆಂಪಿಯರಿನದು ಒಳ್ಳೆಯದು.

2. ತಂತಿ ಹಾಕಿ ನೋಡಿ
ಈಥರ್ನೆಟ್ ಕೇಬಲ್ಲಿನಿಂದ ಪೈಯನ್ನು ನೇರವಾಗಿ ರೌಟರಿಗೆ ಜೋಡಿಸಿ. ಪೋರ್ಟಿನ ದೀಪ ಹತ್ತದಿದ್ದರೆ ಕೇಬಲ್ ಬದಲಿಸಿ, ರೌಟರಿನ ಬೇರೆ ಪೋರ್ಟಿಗೆ ಹಾಕಿ. ತಂತಿಯಲ್ಲಿ ನೆಟ್ ಬಂದರೆ ದೋಷ ವೈ-ಫೈಯಲ್ಲಿದೆ ಎಂದಾಯಿತು. ಈಥರ್ನೆಟ್ ಪೋರ್ಟ್ ಇಲ್ಲದ ಪೈ ಝೀರೋ ಇದ್ದವರು ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿ ಪರೀಕ್ಷಿಸಬಹುದು.

3. ವೈ-ಫೈ: ಯಾವ ದೇಶ, ಯಾವ ಬ್ಯಾಂಡ್?
ಪೈಗೆ ತಾನು ಯಾವ ದೇಶದಲ್ಲಿದೆ ಎಂದು ಹೇಳಬೇಕು. ಹೇಳದಿದ್ದರೆ ಈಚಿನ ಮಾದರಿಗಳಲ್ಲಿ ವೈ-ಫೈ ಬಂದ್ ಆಗಿಯೇ ಇರುತ್ತದೆ. ‘ಸುಡೊ ರಾಸ್ಪಿ-ಕಾನ್ಫಿಗ್’ ತೆರೆದು, ಲೋಕಲೈಸೇಶನ್ ವಿಭಾಗದಲ್ಲಿ ದೇಶವನ್ನು ಆರಿಸಿ.

ಊರಿಗೆ ಒಯ್ಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಅಮೆರಿಕದಲ್ಲಿ ಸಾಮಾನ್ಯವಾಗಿ 1ರಿಂದ 11ರವರೆಗಿನ ಚಾನಲ್‌ಗಳನ್ನು ಬಳಸುತ್ತಾರೆ. ಭಾರತದಲ್ಲಿ 13ರವರೆಗೂ ಇವೆ. ಪೈಯಲ್ಲಿ ಅಮೆರಿಕ ಎಂದೇ ಉಳಿದು, ಅಪ್ಪನ ಮನೆಯ ರೌಟರ್ 13ನೇ ಚಾನಲ್ಲಿನಲ್ಲಿದ್ದರೆ, ಪಕ್ಕದ ಮನೆಯ ವೈ-ಫೈ ಕಂಡರೂ ಅಪ್ಪನದು ಕಾಣದೆ ಹೋಗಬಹುದು. ಊರು ತಲುಪಿದೊಡನೆ ದೇಶವನ್ನು ಬದಲಿಸಿ.

ಪೈ 3 ಮಾಡೆಲ್ ಬಿ, ಝೀರೋ ಡಬ್ಲ್ಯು ಮತ್ತು ಝೀರೋ 2 ಡಬ್ಲ್ಯು 2.4 ಗಿಗಾಹರ್ಟ್ಸ್ ಮಾತ್ರ ಬಲ್ಲವು. 5 ಗಿಗಾಹರ್ಟ್ಸ್ ಜಾಲ ಅವಕ್ಕೆ ಕಾಣುವುದೇ ಇಲ್ಲ. ಇನ್ನೊಂದು ವಿಷಯ: ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಪಕ್ಕದಲ್ಲೇ ಇದ್ದರೆ 2.4 ಗಿಗಾಹರ್ಟ್ಸ್ ವೈ-ಫೈಗೆ ಅಡ್ಡಿಯಾಗುತ್ತದೆ. ಡಿಸ್ಕನ್ನು ದೂರವಿಟ್ಟು ನೋಡಿ.

4. ವಿಳಾಸ ಸಿಕ್ಕಿದೆಯೇ?
‘ಐಪಿ’ ಎಂದು ಬರೆದು, ಜಾಗ ಬಿಟ್ಟು ‘ಎ’ ಎಂದು ಟೈಪ್ ಮಾಡಿ. 192.168 ಅಥವಾ 10ರಿಂದ ಶುರುವಾಗುವ ಸಂಖ್ಯೆ ಕಂಡರೆ ಸಾಮಾನ್ಯವಾಗಿ ರೌಟರ್ ವಿಳಾಸ ಕೊಟ್ಟಿದೆ ಎಂದು ತಿಳಿಯಬಹುದು. 169.254 ಎಂದಿದ್ದರೆ ರೌಟರಿನಿಂದ ಉತ್ತರ ಬಾರದೆ ಪೈ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ. ರೌಟರನ್ನು ಆರಿಸಿ ಮತ್ತೆ ಹಚ್ಚಿ. ಯಾವ ಸಂಖ್ಯೆಯೂ ಇಲ್ಲದಿದ್ದರೆ ವೈ-ಫೈ ಪಾಸ್‌ವರ್ಡ್ ಮತ್ತೊಮ್ಮೆ ಪರಿಶೀಲಿಸಿ.

5. ಮೂರು ಪಿಂಗ್
‘ಪಿಂಗ್’ ಆಜ್ಞೆಯನ್ನು ಮೂರು ಸಲ ಕೊಡಿ: ಮೊದಲು ರೌಟರಿನ ವಿಳಾಸಕ್ಕೆ, ಆಮೇಲೆ ಗೂಗಲ್ಲಿನ 8.8.8.8ಕ್ಕೆ, ಕೊನೆಗೆ ಯಾವುದಾದರೂ ಜಾಲತಾಣದ ಹೆಸರಿಗೆ. ರೌಟರಿನ ವಿಳಾಸ ‘ಐಪಿ ರೂಟ್’ ಆಜ್ಞೆಯಲ್ಲಿ ‘ಡಿಫಾಲ್ಟ್ ವಯಾ’ ಎಂಬುದರ ಮುಂದೆ ಸಿಗುತ್ತದೆ. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ ಒತ್ತಿ.

- ಮೊದಲನೆಯದೇ ಸೋತರೆ: ತೊಂದರೆ ಪೈ ಮತ್ತು ರೌಟರಿನ ನಡುವೆ.
- ಎರಡನೆಯದು ಸೋತರೆ: ರೌಟರಿನ ಆಚೆಗೆ. ಫೋನಿಗೂ ನೆಟ್ ಇಲ್ಲದಿದ್ದರೆ ಇಂಟರ್ನೆಟ್ ಕಂಪನಿಗೆ ಕರೆ ಮಾಡಿ.
- ಮೂರನೆಯದು ಮಾತ್ರ ಸೋತರೆ: ಹೆಸರನ್ನು ಸಂಖ್ಯೆಯಾಗಿಸುವ ಡಿಎನ್‌ಎಸ್‌ನಲ್ಲಿ. ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ವಿಳಾಸವಾಗಿ 8.8.8.8 ಕೊಟ್ಟು ನೋಡಿ.

6. ಗಡಿಯಾರ
ಮೂರೂ ಪಿಂಗ್ ಸರಿಯಿದ್ದು ಜಾಲತಾಣ ಮಾತ್ರ ತೆರೆಯದಿದ್ದರೆ ‘ಡೇಟ್’ ಎಂದು ಟೈಪ್ ಮಾಡಿ. ಪೈ 4 ಮತ್ತು ಅದಕ್ಕಿಂತ ಹಳೆಯ ಮಾದರಿಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ. ಪೈ 5ರಲ್ಲಿ ಗಡಿಯಾರವಿದೆ, ಬ್ಯಾಟರಿ ಬೇರೆಯಾಗಿ ಹಾಕಬೇಕು. ದಿನಾಂಕ ತಪ್ಪಿದ್ದರೆ ಸುರಕ್ಷಿತ ತಾಣಗಳ ಪ್ರಮಾಣಪತ್ರ ಹೊಂದದೆ ಅವು ತೆರೆಯುವುದಿಲ್ಲ.

7. ಹಳೆಯ ಸಲಹೆಗಳ ಬಗ್ಗೆ ಎಚ್ಚರ
2023ರ ಅಕ್ಟೋಬರಿನಲ್ಲಿ ಬಂದ ಬುಕ್‌ವರ್ಮ್ ಆವೃತ್ತಿಯಿಂದ ಜಾಲದ ಉಸ್ತುವಾರಿ ನೆಟ್‌ವರ್ಕ್ ಮ್ಯಾನೇಜರಿನದು. ಅದಕ್ಕಿಂತ ಹಿಂದಿನ ಪುಸ್ತಕಗಳಲ್ಲಿ ಹೇಳಿದಂತೆ ಬೂಟ್ ವಿಭಾಗದಲ್ಲಿ ವೈ-ಫೈ ಕಡತ ಇಟ್ಟರೆ ಈಗ ಕೆಲಸ ಮಾಡದು. ‘ಸುಡೊ ಎನ್‌ಎಂಟಿಯುಐ’ ಎಂಬ ಆಜ್ಞೆಯಿಂದ ಮೆನು ತೆರೆದು ವೈ-ಫೈ ಹೆಸರು, ಪಾಸ್‌ವರ್ಡ್ ಕೊಡಿ.

ಇಷ್ಟಾದ ಮೇಲೂ ಕಾರ್ಡ್ ಅಳಿಸಲೇಬೇಕಾದರೆ ಮೊದಲು ಹೋಮ್ ಫೋಲ್ಡರನ್ನು ಪೆನ್ ಡ್ರೈವಿಗೆ ನಕಲು ಮಾಡಿಕೊಳ್ಳಿ. ನಮ್ಮ ಸಹಾಯ ಬೇಕಿದ್ದರೆ ಮುಂದಿನ ಕೂಟಕ್ಕೆ ಬರುವಾಗ ಪೈ, ಅದರ ಚಾರ್ಜರ್ ಮತ್ತು ಕಾರ್ಡ್ ಮೂರನ್ನೂ ತನ್ನಿ. ಮೂರು ಪಿಂಗುಗಳಲ್ಲಿ ಯಾವುದು ಸೋತಿತು ಎಂದು ಒಂದು ಚೀಟಿಯಲ್ಲಿ ಬರೆದು ತಂದರೆ ನಮ್ಮ ಅರ್ಧ ಕೆಲಸ ಮುಗಿದಂತೆ.